ಏಣಿಯಕ್ಕನ ಸೈಕಲ್ ಸೀಟು

ಏಣಿಯಕ್ಕನನ್ನು ಕೂತಾಗ ಮಾತ್ರ ನೋಡಿದವರು ಮಾಮೂಲಿ ಎತ್ತರದ ಹೆಂಗಸು ಅಂದುಕೊಳ್ಳುತ್ತಾರೆ. ಅವಳು ಎದ್ದು ನಿಂತರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವಳು ಏಳುವುದು ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಇದ್ದಬದ್ದ ಉದ್ದವೆಲ್ಲ ಕಾಲಿಗೇ ಖರ್ಚಾಗಿ, ಸೊಂಟದಿಂದ ಮೇಲಕ್ಕೆ ಬರುವಷ್ಟರಲ್ಲಿ ಸಾಮಾನು ತೀರಿಹೋದಂಥ ಮೈಕಟ್ಟು. ಅವಳ ತಾಯಿಯೂ ಬಟ್ಟೆ ಹೊಲಿಯುವವಳೇ. ಮಗಳಿಗೆ ಲಂಗ ಹೊಲಿಯಲು ಕೂತಾಗಲೆಲ್ಲ "ಈ ಹುಡುಗಿ ಕಾಲು ಬಟ್ಟೆ ತಿನ್ನುತ್ತೆ ಕಣ್ರೀ" ಅಂತ ಪಕ್ಕದ ಮನೆಗೂ ಕೇಳುವ ಹಾಗೆ ಗೊಣಗುತ್ತಿದ್ದಳು. ಗೊಣಗುತ್ತಲೇ ಕೆಳಗಿನ ಅಂಚಿನಲ್ಲಿ ಸಾಕಷ್ಟು ಬಟ್ಟೆ ಒಳಗೆ ಮಡಚಿಟ್ಟು, ಮಗಳು ಬೆಳೆದ ಹಾಗೆ ಬಿಚ್ಚುತ್ತಾ ಹೋಗುತ್ತಿದ್ದಳು.

ಶಾಲೆಯಲ್ಲಿ ಅವಳ ಮಂಡಿ ಮುಂದಿನ ಬೆಂಚಿನವರ ಬೆನ್ನಿಗೆ ತಿವಿಯುತ್ತಿತ್ತು. ಏಣಿ ಅನ್ನುವ ಹೆಸರು ಅಂಟಿಕೊಂಡದ್ದು ಅಲ್ಲೇ. ಮದುವೆಯಾಗಿ ಬೇರೆ ಬೀದಿಗೆ ಬಂದಾಗ ಆ ಹೆಸರು ಹಳೆ ಮನೆಯಲ್ಲೇ ಉಳಿಯಿತು ಅಂತ ಸಮಾಧಾನಪಟ್ಟಿದ್ದಳು. ಆದರೆ ಇಲ್ಲಿನವರಿಗೂ ಬೇರೆ ಹೆಸರೇನೂ ಹೊಳೆಯಲಿಲ್ಲ. ಮರ್ಯಾದೆಗೆ ಒಂದು ಅಕ್ಕ ಸೇರಿಸಿದರು, ಅಷ್ಟೇ.

ಗಂಡ ಸಿಕ್ಕಿದ್ದು ಹಲ್ಲಿನ ಡಾಕ್ಟರ ಬಾಗಿಲಲ್ಲಿ. ಇಬ್ಬರೂ ಕೆನ್ನೆ ಊದಿಸಿಕೊಂಡು ಒಂದೇ ಬೆಂಚಿನ ಮೇಲೆ ಕೂತಿದ್ದರು. ಭುಜಕ್ಕೆ ಭುಜ ಸರಿಸಮ. ಅವನು ಮಾರುಕಟ್ಟೆಯ ಮೂಲೆಯಲ್ಲಿ ಬೀಗದ ಕೈ ಮಾಡಿಕೊಡುವವನು, ಮಾತಿಗೆ ನಿಂತರೆ ನೋವೂ ಮರೆಯುವಂಥ ಆಸಾಮಿ. ಯಾವುದೋ ಕಥೆ ಅರ್ಧಕ್ಕೆ ಬಂದಿತ್ತು, ಒಳಗಿನಿಂದ ಅವಳನ್ನು ಕರೆದರು. ಅವಳು ಎದ್ದಳು. ಅವನೂ ಸೌಜನ್ಯಕ್ಕೆ ಎದ್ದು ನಿಂತ, ಮಿಕ್ಕ ಕಥೆಯನ್ನು ಕತ್ತೆತ್ತಿ ಮುಗಿಸಬೇಕಾಯಿತು. ಅವನದು ಅವಳ ತದ್ವಿರುದ್ಧದ ಲೆಕ್ಕ, ಉದ್ದ ಮೈ, ಮೊಟಕು ಕಾಲು. ಅವಳು ಊದಿದ ಕೆನ್ನೆ ಹಿಡಿದುಕೊಂಡು ನಕ್ಕಿದ್ದು ನೋಡಿ ಅವನು ಅಲ್ಲೇ ತೀರ್ಮಾನ ಮಾಡಿಬಿಟ್ಟನಂತೆ. ಬೀದಿಯವರು ಇವತ್ತಿಗೂ ಆ ಜೋಡಿಯನ್ನು ನೋಡಿ ನಗುತ್ತಾರೆ. ನಗಲಿ ಬಿಡಿ, ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಗುವುದು ಅವರಿಬ್ಬರೇ.

ಈಗ ಏಣಿಯಕ್ಕನ ತಲೆಗೂದಲಲ್ಲಿ ಬಿಳಿ ಎಳೆ ಕಾಣಿಸಿಕೊಂಡಿದೆ. ಸಿದ್ಧ ಉಡುಪಿನ ಒಂದು ದೊಡ್ಡ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳಿಗೆ ಕೆಲಸ. ಕೆಳಗೆ ಜನ ಪ್ಯಾಂಟು ಕೊಳ್ಳುತ್ತಾರೆ, ಅದು ಯಾರಿಗೂ ನೆಟ್ಟಗೆ ಕೂರುವುದಿಲ್ಲ, ಮೇಲಕ್ಕೆ ಕಳಿಸುತ್ತಾರೆ. ಇವಳು ಒಬ್ಬರಿಗೆ ಸೊಂಟ ಬಿಚ್ಚುತ್ತಾಳೆ, ಇನ್ನೊಬ್ಬರಿಗೆ ಕಾಲು ಕತ್ತರಿಸುತ್ತಾಳೆ. "ಅಳತೆ ತಪ್ಪಿ ಹುಟ್ಟಿದವರು ಯಾರೂ ಇಲ್ಲ, ಬಟ್ಟೆ ತಪ್ಪಿರುತ್ತೆ" ಅಂತ ನಾಚಿಕೊಂಡು ನಿಂತ ದಪ್ಪ ಹೆಂಗಸರಿಗೆ ಧೈರ್ಯ ಹೇಳುತ್ತಾಳೆ. ಹೇಳುವುದು ಇಂಚು ಟೇಪಿನ ಕೆಳಗೆ ಒಂದು ಬೆರಳು ತೂರಿಸಿಕೊಂಡೇ. ಆ ಬೆರಳು ಅವಳ ಕಸುಬಿನ ಗುಟ್ಟು. ಇದ್ದಷ್ಟೇ ಅಳತೆಗೆ ಹೊಲಿದರೆ ಉಸಿರಾಡಲು ಆಗುವುದಿಲ್ಲ, ಒಂಚೂರು ಲೂಸು ಬಿಡಲೇಬೇಕು. ಗಂಡನ ಕಸುಬಿನಲ್ಲಿ ಲೂಸು ಅಂದರೆ ಕಳ್ಳನಿಗೆ ಬಾಗಿಲು ತೆರೆದಂತೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೀಗ ತಿರುಗುವುದಿಲ್ಲ. ಈ ವಿಚಾರಕ್ಕೆ ಇಬ್ಬರಿಗೂ ಎಷ್ಟು ಸಲ ಜಟಾಪಟಿ ಆಗಿದೆಯೋ.

ಮನೆಯಿಂದ ಅಂಗಡಿಗೆ ಸೈಕಲ್ಲಿನಲ್ಲಿ ಅರ್ಧ ಗಂಟೆ. ನೀರಿನ ಟ್ಯಾಂಕ್ ದಾಟಿ, ಶಾಲೆಯ ಉದ್ದನೆಯ ಗೋಡೆ ಹಿಡಿದು, ಬೇಕರಿಯ ಹಿಂಬದಿಯ ಬಿಸಿ ವಾಸನೆ ಕುಡಿದು, ಸೇತುವೆಯ ಇಳಿಜಾರಿನಲ್ಲಿ ಕಾಲು ಎತ್ತಿ ಹಿಡಿದು ಜಾರಿಬಿಡುವ ದಾರಿ. ಆ ಅರ್ಧ ಗಂಟೆಯಲ್ಲಿ ಏಣಿಯಕ್ಕ ಏನು ಮಾಡುತ್ತಾಳೆ ಅಂದರೆ ಏನೂ ಮಾಡುವುದಿಲ್ಲ. ಶ್ರುತಿ ಇಲ್ಲದೆ ಹಾಡುತ್ತಾಳೆ. ತೀರಿಹೋದ ತಾಯಿಯ ಜೊತೆ ಮನಸ್ಸಿನಲ್ಲೇ ಜಗಳವಾಡಿ ಗೆಲ್ಲುತ್ತಾಳೆ. ಮನೆಯವರೂ ಕರೆಯುವಂತಿಲ್ಲ, ಅಂಗಡಿಯವರೂ ಕರೆಯುವಂತಿಲ್ಲ. ದಿನದಲ್ಲಿ ತನ್ನದು ಅಂತ ಅವಳಿಗೆ ಇದ್ದದ್ದು ಅದೊಂದೇ.

ಆದರೆ ಸೀಟನ್ನು ಎಷ್ಟು ಎತ್ತರಿಸಿದರೂ ಆ ಕಾಲಿಗೆ ಸಾಲುತ್ತಿರಲಿಲ್ಲ. ಸೀಟನ್ನು ಹೊತ್ತು ಸೈಕಲ್ಲಿನ ಕೊಳವೆಯೊಳಗೆ ಇಳಿಯುವ ಉಕ್ಕಿನ ಕಂಬಿಗೆ ಸೈಕಲ್ಲಿನವರು ಪಿಲ್ಲರ್ ಅನ್ನುತ್ತಾರೆ. ಆ ಪಿಲ್ಲರನ್ನು ಹೊರಗೆ ಬೀಳುವಷ್ಟು ಮೇಲಕ್ಕೆಳೆದರೂ ತುಳಿಯುವಾಗ ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ವರ್ಷಗಟ್ಟಲೆ ಹಾಗೇ ತುಳಿದಳು. ಒಂದು ದಿನ ಮಂಡಿ ಮುಷ್ಕರ ಹೂಡಿತು, ಅಂಗಡಿಯ ಮೆಟ್ಟಿಲು ಹತ್ತುವಾಗ ಕಣ್ಣಲ್ಲಿ ನೀರು ಬಂತು.

ಡಾಕ್ಟರು ಮಂಡಿ ಒತ್ತಿ ನೋಡಿ, "ಕಾಲು ಪೂರ್ತಿ ಚಾಚದೆ ತುಳಿದರೆ ಹೀಗೇ ಆಗೋದು. ಒಂದೋ ಸೀಟು ಎತ್ತರ ಮಾಡಿಸ್ಕೊಳ್ಳಿ, ಇಲ್ಲಾ ಸೈಕಲ್ ಬಿಟ್ಟುಬಿಡಿ" ಅಂದರು.

ಪಕ್ಕದಲ್ಲಿ ಕೂತಿದ್ದ ಗಂಡನ ಕಿವಿಗೆ ಬಿದ್ದದ್ದು ಎರಡನೇ ಅರ್ಧ ಮಾತ್ರ. ಮನೆ ಸೇರುವಷ್ಟರಲ್ಲಿ ಎಲ್ಲ ಏರ್ಪಾಡೂ ಮಾಡಿ ಮುಗಿಸಿದ್ದ. "ಸೋಮವಾರದಿಂದ ದಿನಾ ನಾನೇ ಸ್ಕೂಟರಲ್ಲಿ ಬಿಡ್ತೀನಿ, ನಾನೇ ಕರ್ಕೊಂಡು ಬರ್ತೀನಿ. ಅಲ್ಲೀತನಕ ಬಸ್ಸಲ್ಲಿ ಹೋಗು. ಸೈಕಲ್ ನನ್ನ ತಂಗಿಗೆ ಕೊಟ್ಬಿಡೋಣ. ಅವಳೂ ಒಂದು ಬೇಕು ಅಂತಿದ್ಲು. ಭಾನುವಾರ ಬಂದು ತಗೊಂಡು ಹೋಗು ಅಂತ ಹೇಳಿದೀನಿ."

ಏಣಿಯಕ್ಕ ಸೈಕಲ್ಲಿನ ಕಡೆ ನೋಡಿದಳು. ಬೇಡ ಅನ್ನೋಣ ಅಂದರೆ ಅವನ ಮುಖ ಅಷ್ಟು ಕಾಳಜಿಯಿಂದ ಹೊಳೆಯುತ್ತಿತ್ತು. ನಿಮ್ಮ ಜೊತೆ ಬರುವುದಕ್ಕಿಂತ ಒಬ್ಬಳೇ ಹೋಗುವುದು ನನಗಿಷ್ಟ ಅಂತ ಯಾವ ಬಾಯಲ್ಲಿ ಹೇಳುವುದು? "ಭಾನುವಾರ ತಾನೇ, ನೋಡೋಣ" ಅಂತ ತೇಲಿಸಿದಳು. ಡಾಕ್ಟರ ಮೊದಲನೇ ಅರ್ಧ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರೊಳಗೆ ತನ್ನ ಕಾಲಿಗಾಗುವ ಪಿಲ್ಲರ್ ಒಂದು ಸಿಕ್ಕಿಬಿಟ್ಟರೆ ಸೈಕಲ್ ಉಳಿಯುತ್ತದೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಸೈಕಲ್ ಅಂಗಡಿಗೆ ನಡೆದೇ ಹೋದಳು. ಅದರ ಯಜಮಾನ ಗ್ರೀಸಿನಲ್ಲೇ ಮುದುಕನಾದವನು, ಎಲ್ಲರಿಗೂ ಪೆಡಲ್ ಮಾವ. ಅವನ ಮುಂದೆ ಏಣಿಯಕ್ಕ ಠೀವಿಯಿಂದ ಅಳತೆ ಒಪ್ಪಿಸಿದಳು. ಹಿಂದಿನ ದಿನವೇ ಹಳೆ ಪಿಲ್ಲರಿಗೆ ಟೇಪು ಸುತ್ತಿ, ಅಭ್ಯಾಸಬಲದಿಂದ ಕೆಳಗೊಂದು ಬೆರಳೂ ತೂರಿಸಿ ತೆಗೆದುಕೊಂಡ ಅಳತೆ ಅದು.

ಪೆಡಲ್ ಮಾವ ಕನ್ನಡಕ ಮೇಲೇರಿಸಿ ನೋಡಿದ. "ಇಷ್ಟು ದಪ್ಪದ್ದು ಸೈಕಲ್ಲಿಗೆ ಬರಲ್ಲ ತಾಯಿ. ಕರೆಂಟ್ ಕಂಬಕ್ಕೇನಾದ್ರೂ ಸೀಟು ಹಾಕಿಸ್ತಿದೀಯಾ?"

"ಸರಿಯಾಗೇ ಅಳೆದಿದೀನಿ ಮಾವ. ಸುತ್ತಳತೆ."

"ಸುತ್ತಳತೇನಾ! ಅದಕ್ಕೇನು ಸೊಂಟ ಇದೆಯಾ? ಇದನ್ನ ಅಡ್ಡ ಅಳೀಬೇಕು, ಈ ಕಡೆಯಿಂದ ಆ ಕಡೆಗೆ." ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಇಳಿದ ಮೇಲೆ ಅವಳ ಚೀಲದಲ್ಲಿದ್ದ ಹಳೆ ಪಿಲ್ಲರ್ ನೋಡಿ, ಅಷ್ಟೇ ದಪ್ಪದ, ಅದಕ್ಕಿಂತ ತುಂಬಾ ಉದ್ದದ ಒಂದನ್ನು ಹುಡುಕಿಕೊಟ್ಟ. ತಲೆಯ ಹತ್ತಿರ ಅದು ಹಿಂದಕ್ಕೆ ಬಾಗಿತ್ತು. "ಹಾಕಿ ನೋಡು. ಆಗದಿದ್ರೆ ತಂದುಕೊಡು, ಬದಲಾಯಿಸೋಣ."

ಮನೆಯ ಮುಂದೆ ಹಾಕಿ ಹತ್ತಿದಳು. ಕಾಲು ಚೆನ್ನಾಗಿ ಚಾಚಿತು. ಆದರೆ ಸೀಟು ಮೇಲೇರಿದಷ್ಟೂ ಹಿಂದಕ್ಕೂ ಹೋಗಿತ್ತು, ಅದರ ಮೇಲೆ ಆ ಬಾಗು ಬೇರೆ. ಅವಳ ಮೊಟಕು ಮೈಗೆ ಹ್ಯಾಂಡಲ್ ಪಕ್ಕದ ಬೀದಿಯಲ್ಲಿ ಇದ್ದಂತಾಯಿತು. ಬೆರಳ ತುದಿಯಲ್ಲಿ ಹಿಡಿದು, ಹೊಟ್ಟೆಯ ಮೇಲೆ ಮಲಗಿದಂತೆ ಬಗ್ಗಿ, ಬ್ರೇಕು ಸಿಗದೆ ಎದುರು ಮನೆಯ ಬೇಲಿಗೆ ಹೋಗಿ ನಿಂತಳು. ಬೇಲಿಯವರು ಒಳ್ಳೆಯವರು, ಕೇಳಿದ್ದು ಪೆಟ್ಟಾಯ್ತಾ ಅಂತ ಮಾತ್ರ.

ಶನಿವಾರ ಮತ್ತೆ ಪೆಡಲ್ ಮಾವನ ಹತ್ತಿರ. ಈ ಸಲ ಅವನು ನಗಲಿಲ್ಲ. ಅವಳನ್ನು ನಿಲ್ಲಿಸಿ, ಕೂರಿಸಿ, ತಲೆ ಕೆರೆದುಕೊಂಡು, "ನಿಂಗೆ ಕಾಲು ಜಾಸ್ತಿ, ಮೈ ಕಮ್ಮಿ. ಬಾಗಿರೋದು ಆಗಲ್ಲ. ನೆಟ್ಟಗೆ ನಿಂತಿರೋ ಪಿಲ್ಲರ್ ಬೇಕು, ಸೀಟನ್ನೂ ಮುಂದಕ್ಕೆ ತಳ್ಳಿ ಕೂರಿಸಬೇಕು" ಅಂದ. ಅಟ್ಟದಿಂದ ಎರಡು ನೆಟ್ಟನೆಯ ಉದ್ದ ಪಿಲ್ಲರ್ ಇಳಿಸಿದ. ನೋಡಲು ಎರಡೂ ಅವಳಿಜವಳಿ, ಆದರೆ ಒಂದು ಇನ್ನೊಂದಕ್ಕಿಂತ ಸ್ವಲ್ಪವೇ ಸ್ವಲ್ಪ ಸಣ್ಣ. "ದಪ್ಪದ್ದು ಬಿಗಿ ಕೂರಬಹುದು, ಗ್ರೀಸ್ ಹಚ್ಚಿ ತಿರುಗಿಸ್ತಾ ಇಳಿಸಬೇಕು. ಸೈಕಲ್ ತಗೊಂಡು ಬಾ, ಇಟ್ಟು ನೋಡೇ ಹೇಳ್ತೀನಿ."

ಏಣಿಯಕ್ಕ ಎರಡನ್ನೂ ಕೈಯಲ್ಲಿ ತೂಗಿದಳು. ಬಿಗಿ ಅನ್ನುವ ಮಾತು ಕೇಳಿದರೇ ಅವಳಿಗೆ ಆಗದು. ಬಿಗಿಯಾದ ಬಟ್ಟೆ ಹಿಡಿದುಕೊಂಡು ಮೇಲಿನ ಕೋಣೆಗೆ ಬಂದ ಜನರ ಮುಖವೆಲ್ಲ ಕಣ್ಣ ಮುಂದೆ ಬಂತು. "ಸೈಕಲ್ ಏನೂ ಬೇಡ ಮಾವ. ಅಳತೆ ವಿಷಯ ನಂಗೆ ಹೇಳಿಕೊಡಬೇಕಾ? ಸ್ವಲ್ಪ ಲೂಸು ಇರೋದೇ ಕೊಡಿ."

"ಲೂಸಾ? ಅದು ಪೈಜಾಮ ಅಲ್ಲ ತಾಯಿ..."

ಅವಳಾಗಲೇ ಹೊರಟಾಗಿತ್ತು.

ಸಂಜೆ ಅಂಗಡಿಯಿಂದ ಬೇಗ ಬಂದು ಪಿಲ್ಲರ್ ಇಳಿಸಿದಳು. ಬೆಣ್ಣೆಯ ಹಾಗೆ ಒಳಗೆ ಹೋಯಿತು, ಅವಳಿಗೆ ಹೆಮ್ಮೆಯೇ ಹೆಮ್ಮೆ. ಪಿಲ್ಲರನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬಳೆಯ ತಿರುಪನ್ನು ಕೈ ಕೆಂಪಾಗುವ ತನಕ ಬಿಗಿದಳು. ಏರಿ ಕೂತು ಬೀದಿಗಿಳಿದಳು. ಮಂಡಿ ನೆಟ್ಟಗಾಯಿತು, ಕೈಗೆ ಹ್ಯಾಂಡಲ್ ತಾನಾಗಿ ಬಂತು. ಗೋಡೆಗಳ ಆಚೆ ಯಾರ ಮನೆಯಲ್ಲಿ ಏನು ಒಣಗಿಸಿದ್ದಾರೆ ಅನ್ನುವುದೂ ಕಾಣಿಸುತ್ತಿತ್ತು. ರಾಣಿಯ ಹಾಗೆ ನೀರಿನ ಟ್ಯಾಂಕ್ ದಾಟಿದಳು. ಶಾಲೆಯ ಗೋಡೆ ಮುಗಿಯುವಾಗ ಗೋಡೆ ಯಾಕೋ ಎತ್ತರ ಅನ್ನಿಸಿತು. ಬೇಕರಿಯ ಹತ್ತಿರ ಮಂಡಿ ಮತ್ತೆ ಮಡಚತೊಡಗಿತು. ಒಂದೊಂದು ಗುಂಡಿಗೂ ಸೀಟು ಒಂದಿಷ್ಟು ಇಳಿಯುತ್ತಿತ್ತು. ತಿರುಗಿ ಮನೆಯ ಬೀದಿಗೆ ಬರುವಾಗ ಅವಳ ಮಂಡಿ ಗಲ್ಲಕ್ಕೆ ತಾಗುವುದೊಂದು ಬಾಕಿ. ಗೇಟಿನ ಮೇಲೆ ಕೂತ ಮಕ್ಕಳು ಚಪ್ಪಾಳೆ ತಟ್ಟಿದರು. ದಾರಿಯಲ್ಲಿ ಪೆಡಲ್ ಮಾವನ ಅಂಗಡಿಗೆ ಹೋಗಿ ನೋಡಿದ್ದಳು. ಬಾಗಿಲು ಹಾಕಿತ್ತು, ಇನ್ನು ತೆಗೆಯುವುದು ಸೋಮವಾರವೇ. ನಾದಿನಿ ಬರುವುದು ನಾಳೆ ಬೆಳಿಗ್ಗೆ.

ಗಂಡ ಬಾಗಿಲಲ್ಲೇ ನಿಂತಿದ್ದ. ನಗು ತಡೆಯಲು ನೋಡಿದ, ಆಗಲಿಲ್ಲ. "ಹೋಗ್ತಾ ಏಣಿ, ಬರ್ತಾ ಮಣೆ!"

"ನಗಬೇಡಿ ರೀ!"

ಅವಳ ದನಿ ಒಡೆದದ್ದು ಕೇಳಿ ಅವನ ನಗು ನಿಂತುಹೋಯಿತು. ಏಣಿಯಕ್ಕ ಸೈಕಲ್ಲನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕುಸಿದಳು.

"ನಾಳೆ ಇದು ಹೋಗುತ್ತೆ. ಸೋಮವಾರದಿಂದ ನಾನು ನಿಮ್ಮ ಹಿಂದೆ ಮೂಟೆ ಥರ ಕೂತ್ಕೊಂಡು ಹೋಗ್ಬೇಕು."

"ಮೂಟೇನಾ? ನಿನ್ನ ಮಂಡಿಗೋಸ್ಕರ ತಾನೇ ನಾನು..."

"ಗೊತ್ತು ರೀ. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಎದ್ದಾಗಿಂದ ನಾನು ಮನೆಯವಳು. ಅಲ್ಲಿ ಮೆಟ್ಟಿಲು ಹತ್ತಿದ ಮೇಲೆ ಅಂಗಡಿಯವಳು. ನಡುವೆ ಆ ಅರ್ಧ ಗಂಟೆ ಮಾತ್ರ ನಾನು ಯಾರವಳೂ ಅಲ್ಲ. ಅದೂ ಹೋದ್ರೆ ನಂಗೆ ಉಸಿರು ಕಟ್ಟುತ್ತೆ." ಹೇಳಿಯಾದ ಮೇಲೆ ಅವಳಿಗೇ ಗಾಬರಿಯಾಯಿತು. "ನಿಮ್ಮ ಮೇಲೆ ಬೇಜಾರು ಅಂತ ಅಲ್ಲ..."

ಅವನು ಬಂದು ಪಕ್ಕದಲ್ಲಿ ಕೂತ. "ಮಂಡಿ ಒಂದು ನೆಪ ಕಣೇ. ನಿಜ ಹೇಳ್ಲಾ? ಬೆಳಿಗ್ಗೆ ನೀನು ಒಲೆ ಮುಂದೆ ಇರ್ತೀಯ, ನಾನು ನೀರು ಹಿಡೀತಿರ್ತೀನಿ. ರಾತ್ರಿ ಇಬ್ರೂ ತೂಕಡಿಸ್ತೀವಿ. ಸ್ಕೂಟರ್ ಮೇಲಾದ್ರೂ ನಿನ್ನ ಜೊತೆ ಅರ್ಧ ಗಂಟೆ ಸಿಗುತ್ತಲ್ಲ ಅಂತ ಆಸೆಪಟ್ಟೆ."

ಏಣಿಯಕ್ಕನಿಗೆ ಅಳು ಬಂತು, ನಗುವೂ ಬಂತು. ಇಬ್ಬರೂ ಅದೇ ಒಂದು ಅರ್ಧ ಗಂಟೆಗೆ ಗುಟ್ಟಾಗಿ ಜಗ್ಗಾಡುತ್ತಿದ್ದರಲ್ಲ. ಅವನ ಭುಜಕ್ಕೆ ಭುಜ ಒತ್ತಿ ಕೂತಳು. ಸ್ವಲ್ಪ ಹೊತ್ತಿಗೆ ಅವನು ಎದ್ದು ಸೈಕಲ್ಲಿನ ಹತ್ತಿರ ಹೋದ. ಪಿಲ್ಲರ್ ಎಳೆದು ನೋಡಿದ, ಅಲ್ಲಾಡಿಸಿ ನೋಡಿದ. ಬೀಗದ ಕೈ ಅಳೆಯುವ ತನ್ನ ಉಕ್ಕಿನ ಇಕ್ಕಳದಂಥ ಉಪಕರಣ ತಂದು ಕೊಳವೆಯ ಒಳಗೂ ಪಿಲ್ಲರಿನ ಹೊರಗೂ ಹಿಡಿದ.

"ಯಾವ ಮಹಾತಾಯಿ ಇದನ್ನ ಆರಿಸಿದ್ದು?"

"ಲೂಸು ಇರಲಿ ಅಂತ ನಾನೇ..." ಅಂದಳು ನೆಲ ನೋಡುತ್ತಾ.

"ಅಲ್ವೇ, ಕಬ್ಬಿಣ ಏನು ಉಂಡು ದಪ್ಪ ಆಗುತ್ತಾ?" ಆದರೆ ಅವನ ಕಣ್ಣು ಆಗಲೇ ಕೆಲಸಕ್ಕೆ ಇಳಿದಿತ್ತು. "ಒಂದು ದಪ್ಪ ಕಾಗದದಷ್ಟು ಸಂದು. ಅಷ್ಟೇ ತೆಳು ತಗಡು ಸುತ್ತಿದ್ರೆ ಕಚ್ಚಿಕೊಳ್ಳುತ್ತೆ." ತಂಪು ಪಾನೀಯದ ಖಾಲಿ ಡಬ್ಬಿಯೊಂದನ್ನು ಹುಡುಕಿ ತಂದ. ಒಂದೆರಡು ಕಡೆ ಅಳೆದು, ಇದು ಸರಿ ಅಂದ. "ನಿನ್ನ ಕತ್ತರಿ ಕೊಡು."

"ಬಟ್ಟೆ ಕತ್ತರಿ ಮುಟ್ಟಿದ್ರೆ ಸೈಕಲ್ ಜೊತೆ ನಿಮ್ಮನ್ನೂ ನಾದಿನಿಗೆ ಕೊಟ್ಟು ಕಳಿಸ್ತೀನಿ."

ಅವನು ತನ್ನ ತಗಡಿನ ಕತ್ತರಿಯನ್ನೇ ತಂದ. ನೀಟಾಗಿ ಒಂದು ಪಟ್ಟಿ ಕತ್ತರಿಸಿ, ಪಿಲ್ಲರಿಗೆ ಸುತ್ತಿ, ಒಳಗೆ ಇಳಿಸಿದ. ಪಿಲ್ಲರಿನ ಜೊತೆ ಪಟ್ಟಿಯೂ ಸರ್ರನೆ ಒಳಗೆ ಹೋಗಿ ಕೊಳವೆಯ ತಳ ಸೇರಿತು. ಇಬ್ಬರೂ ಸೈಕಲ್ಲನ್ನು ತಲೆಕೆಳಗೆ ಮಾಡಿ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದ ಮೇಲೆ ಅದು ಹೊರಗೆ ಬಿತ್ತು. ಈಗ ನಗುವ ಸರದಿ ಅವಳದು.

"ಅಂಚು ಮಡಿಸದೆ ಯಾರಾದ್ರೂ ಅಸ್ತರು ಹಾಕ್ತಾರೇನ್ರೀ? ಸರೀರಿ ಆ ಕಡೆ."

ಅಸ್ತರು ಅಂದರೆ ಕೋಟಿನ ಒಳಗೆ ಹಾಕುವ ಬಟ್ಟೆ. ಕೋಟಿಗೆ ಆಗುವುದು ಕೊಳವೆಗೆ ಯಾಕೆ ಆಗಬಾರದು? ಮೊದಲು ಕಾಗದ ಸುತ್ತಿ ಅಳತೆ ತೆಗೆದಳು, ಬೆರಳು ತೂರಿಸದೆ. ಅದನ್ನು ತಗಡಿನ ಮೇಲಿಟ್ಟು ಗೆರೆ ಎಳೆದಳು. ಮೇಲಂಚಿಗೆ, ಕುಪ್ಪಸದ ಕತ್ತಿನ ತಿರುವಿಗೆ ಕೊಡುವ ಹಾಗೆ ಸಣ್ಣ ಸಣ್ಣ ಕಚ್ಚು ಕೊಟ್ಟು, ಒಂದೊಂದನ್ನೇ ಹೊರಗೆ ಮಡಚಿದಳು. ಅವನು ಚೂಪು ಅಂಚುಗಳನ್ನು ಅರದಲ್ಲಿ ಉಜ್ಜಿ ನಯ ಮಾಡಿಕೊಟ್ಟ. ಮಡಚಿದ ಅಂಚು ಕೊಳವೆಯ ಬಾಯಿಗೆ ಕಾಲರಿನಂತೆ ಕೂತಿತು. ಪಿಲ್ಲರ್ ಈಗ ಬೆಣ್ಣೆಯ ಹಾಗೆ ಇಳಿಯಲಿಲ್ಲ, ಇಬ್ಬರೂ ಸೇರಿ ತಿರುಗಿಸಿ ತಿರುಗಿಸಿ ಒತ್ತಬೇಕಾಯಿತು. ಬಳೆ ಬಿಗಿದ ಮೇಲೆ, ಪಿಲ್ಲರ್ ಒಳಗೆ ಸೇರುವ ಜಾಗದಲ್ಲೇ ಅವನು ಸೂಜಿಯಿಂದ ಒಂದು ಗೀರು ಎಳೆದ.

"ನಾಳೆ ಟ್ಯಾಂಕಿನ ತನಕ ಹೋಗಿ ಬಾ. ಗೀರು ಇಲ್ಲೇ ಇದ್ರೆ ಸೈಕಲ್ ನಿಂದು. ಒಳಗೆ ಹೋಗಿದ್ರೆ ಮಂಡಿ ಹಾಳು ಮಾಡ್ಕೊಳ್ಳೋಕೆ ನಾನು ಬಿಡಲ್ಲ, ಏನೇ ಹೇಳು."

ಅದು ನ್ಯಾಯವೇ ಅನ್ನಿಸಿತು ಅವಳಿಗೆ. ತಲೆಯಾಡಿಸಿದಳು.

ಬೆಳಿಗ್ಗೆ ನಾದಿನಿ ಬಂದಳು. ಅಣ್ಣನ ಪಡಿಯಚ್ಚು, ಅದೇ ಉದ್ದ ಮೈ, ಅದೇ ಗಿಡ್ಡ ಕಾಲು, ಅದೇ ವಾಚಾಳಿತನ. ಸೈಕಲ್ಲಿನ ಪಕ್ಕ ನಿಂತು ನೋಡಿದರೆ ಸೀಟು ಅವಳ ಎದೆಯ ಹತ್ತಿರ ಇತ್ತು. "ಅತ್ತಿಗೆ, ಇದು ಸೈಕಲ್ಲಾ ಅಟ್ಟಾನಾ? ಇದನ್ನ ಹತ್ತೋಕೆ ನಂಗೆ ಯಾರಾದ್ರೂ ಎತ್ತಿಕೊಳ್ಳಬೇಕು."

"ಒಂದು ನಿಮಿಷ ಇರು, ಇದು ನಿಂಗೆ ಸಿಗುತ್ತೋ ಇಲ್ವೋ ಈಗ ಗೊತ್ತಾಗುತ್ತೆ" ಅಂದ ಅಣ್ಣ.

ಏಣಿಯಕ್ಕ ಹೊರಟಳು. ಇವತ್ತು ಹಾಡಲಿಲ್ಲ. ಗುಂಡಿ ಬಂದಾಗಲೆಲ್ಲ ಉಸಿರು ಬಿಗಿಹಿಡಿದಳು. ಟ್ಯಾಂಕಿನ ಹತ್ತಿರ ರಸ್ತೆ ಅಗೆದು ಬಿಟ್ಟಿದ್ದರು, ಸೈಕಲ್ ಕುಣಿದಾಡಿತು. ಅವಳು ಬೇಕೆಂದೇ ಇನ್ನೊಂದು ಸುತ್ತು ಅದರ ಮೇಲೇ ಹೊಡೆದಳು. ಸೋಲುವುದಾದರೆ ಇಲ್ಲೇ ಸೋತುಹೋಗಲಿ ಅನ್ನುವ ಹಟ. ಕಾಲು ಪ್ರತಿ ಸಲವೂ ಕೊನೆಯವರೆಗೆ ಚಾಚಿ, ಅಲ್ಲಿ ಪೆಡಲ್ಲನ್ನು ಮುಟ್ಟಿ, ಹಿಂದಕ್ಕೆ ಬರುತ್ತಿತ್ತು. ಮಂಡಿ ಚಕಾರವೆತ್ತಲಿಲ್ಲ. ಬೆಂಚು, ಮಂಚ, ಬಸ್ಸಿನ ಸೀಟು, ಅಂಗಡಿಯ ಹೊಲಿಗೆ ಮೇಜು, ಹುಟ್ಟಿದಾಗಿನಿಂದ ಎಲ್ಲದಕ್ಕೂ ತಾನೇ ಮಡಚಿಕೊಂಡು ಹೊಂದಿಕೊಂಡಿದ್ದಳು. ಮೊದಲ ಸಲ ಒಂದು ವಸ್ತು ಅವಳ ಅಳತೆಗೆ ನಿಂತಿತ್ತು. ಸಂತೋಷ ತಡೆಯಲಾಗದೆ ಜೋರಾಗಿ ಬೆಲ್ಲು ಬಾರಿಸಿದಳು, ಎದುರಿಗೆ ಯಾರೂ ಇರಲಿಲ್ಲ.

ಮನೆಯ ಮುಂದೆ ಇಳಿದಾಗ ಗಂಡ ಮಂಡಿಯೂರಿ ಕೂತು ನೋಡಿದ. ನೋಡಿದ ಮೇಲೂ ಏಳಲಿಲ್ಲ.

"ಏನಾಯ್ತು ರೀ? ಹೇಳಿ."

"ಅಲ್ಲೇ ಇದೆ" ಅಂದ. ಅವನ ಮುಖದಲ್ಲಿ ಖುಷಿಯೂ ಇತ್ತು, ಸ್ವಲ್ಪ ಸಪ್ಪಗೂ ಆಗಿತ್ತು. ಅವಳಿಗೆ ಎರಡೂ ಕಾಣಿಸಿತು.

"ಹಾಗಾದ್ರೆ ನಾನು ಬರಿಗೈಲಿ ಹೋಗೋದಾ?" ಅಂತ ನಾದಿನಿ ಸೊಂಟದ ಮೇಲೆ ಕೈ ಇಟ್ಟಳು. ಆಮೇಲೆ ಅತ್ತಿಗೆಯ ಮುಖ ನೋಡಿ ಅವಳೇ ನಕ್ಕಳು. "ಹೋಗ್ಲಿ ಬಿಡಿ. ನಂಗೆ ಪೆಡಲ್ ಮಾವನ ಹತ್ರ ಒಂದು ನೆಲಕ್ಕೆ ಹತ್ತಿರ ಇರೋದು ನೋಡಿ. ಈಗ ಮೊದಲು ಟೀ ಕೊಡಿ."

ಸೋಮವಾರ ಬೆಳಿಗ್ಗೆ ಏಣಿಯಕ್ಕ ಒಬ್ಬಳೇ ಹೋದಳು. ಬೇಕರಿಯ ಹಿಂದೆ ತಾಯಿಯ ಜೊತೆ ಜಗಳ ಶುರುವಾಯಿತು. ಬಟ್ಟೆ ತಿನ್ನುವ ಕಾಲಿನ ಮಾತು ಬಂತು. ಅವಳು ಗೆಲ್ಲುವ ಗೋಜಿಗೇ ಹೋಗದೆ ಸೇತುವೆಯ ಇಳಿಜಾರಿನಲ್ಲಿ ಜಾರಿಬಿಟ್ಟಳು.

ಸಂಜೆ ಮನೆಯ ಕಡೆಗೆ ತಿರುಗುವ ಬದಲು ಮಾರುಕಟ್ಟೆಯ ಮೂಲೆಗೆ ಸೈಕಲ್ ತಿರುಗಿಸಿದಳು. ಗಂಡ ಕೈಯಲ್ಲಿ ಅರ ಹಿಡಿದು, ಯಾರದೋ ಕಪಾಟಿನ ಬೀಗದ ಕೈ ಉಜ್ಜುತ್ತಿದ್ದ. ಅವಳನ್ನು ನೋಡಿ ಗಾಬರಿಯಿಂದ ಎದ್ದ.

"ಯಾಕೆ? ಸೀಟು ಇಳೀತಾ?"

"ಇಲ್ಲ. ನಾನು ಇಳಿದೆ." ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಗಿರಾಕಿಗಳಿಗೆ ಅಂತ ಹಾಕಿದ್ದ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಜಾಗ ತೋರಿಸಿದಳು. "ಬೆಳಗಿನ ಅರ್ಧ ಗಂಟೆ ನಂದು. ಸಂಜೇದು ನಿಮ್ಮದು. ಬನ್ನಿ, ಆವತ್ತು ಹಲ್ಲಿನ ಡಾಕ್ಟರ ಹತ್ರ ಹೇಳ್ತಿದ್ರಲ್ಲ, ಆ ಕಥೆಯ ಕೊನೆ ನಂಗೆ ಸರಿಯಾಗಿ ಕೇಳಿಸಲೇ ಇಲ್ಲ."

ಅವನು ಅರ ಕೆಳಗಿಟ್ಟು, ಕೈ ಒರೆಸಿಕೊಂಡು ಬಂದು ಕೂತ. ಭುಜಕ್ಕೆ ಭುಜ ಸರಿಸಮ. ಕತ್ತು ಎತ್ತದೆ, ಮೊದಲಿನಿಂದ ಹೇಳತೊಡಗಿದ.